ರೈತ ಉತ್ಪಾದಕ ಸಂಸ್ಥೆಗಳಿಗೆ ಕಾರ್ಯ ನಿರ್ವಹಣಾ ತಂತ್ರಾಂಶದ ಆಯ್ಕೆ

ಬೇಸಾಯದಲ್ಲಿ ಸಕಾಲಕ್ಕೆ ಮಾಡಿದ ಕೆಲಸಕ್ಕೆ ಮಾತ್ರ ಬೆಲೆಯುಂಟು. ಒಬ್ಬ ರೈತನು ತನ್ನ ಹೊಲದ ಕೆಲಸಗಳನ್ನು ನೆನಪಿನಲ್ಲಿಟ್ಟುಕೊಂಡೇ ನಡೆಸಬಲ್ಲನು. ಆದರೆ ನೂರಾರು ಸದಸ್ಯರಿರುವ ರೈತ ಉತ್ಪಾದಕ ಸಂಸ್ಥೆಯ ಕೆಲಸ ನೆನಪಿನ ಬಲದಿಂದ ನಡೆಯುವಂತಹದಲ್ಲ. ಕೇಂದ್ರ ಸರ್ಕಾರವು 10,000 ಸಂಸ್ಥೆಗಳನ್ನು ರಚಿಸುವ ಯೋಜನೆಯನ್ನು 2020ರಲ್ಲಿ ಆರಂಭಿಸಿದ ಮೇಲೆ ಈ ಪ್ರಶ್ನೆ ಅನೇಕ ಹಳ್ಳಿಗಳಿಗೆ ಬಂದಿದೆ.

ರಾಗಿ ಬಿತ್ತನೆ ಬೀಜದ ವಿತರಣೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಬೇಡಿಕೆ ಪಟ್ಟಿ, ಹಣ ಸಂಗ್ರಹ, ಬೀಜ ತರಿಸುವುದು, ಮೊಳಕೆ ಪರೀಕ್ಷೆ, ಹಳ್ಳಿವಾರು ವಿತರಣೆ ಇವು ಒಂದರ ನಂತರ ಒಂದು ಆಗಬೇಕಾದ ಕೆಲಸಗಳು. ಪ್ರಮಾಣಿತ ರಾಗಿ ಬೀಜದಲ್ಲಿ ಕನಿಷ್ಠ ಶೇ. 75ರಷ್ಟು ಮೊಳಕೆ ಇರಬೇಕು. ಈ ಪರೀಕ್ಷೆಯ ಕೊನೆಯ ಎಣಿಕೆ 8ನೆಯ ದಿನ. ಈ 8 ದಿನಗಳನ್ನು ಯಾರೂ ಕಡಿಮೆ ಮಾಡಲಾರರು. ಬೀಜದ ಲಾರಿ ಬಂದ ಸುದ್ದಿ ಪರೀಕ್ಷೆ ಮಾಡುವವರಿಗೆ 5 ದಿನ ತಡವಾಗಿ ತಲುಪಿದರೆ ವಿತರಣೆಯೂ 5 ದಿನ ಹಿಂದೆ ಬೀಳುತ್ತದೆ. ಅಷ್ಟರಲ್ಲಿ ಮಳೆಯ ಹದ ಆರಿಹೋಗಬಹುದು. ವಾಟ್ಸಾಪ್ ಗುಂಪಿನಲ್ಲಿ ಹಾಕಿದ ಸುದ್ದಿ ಹತ್ತಾರು ಸಂದೇಶಗಳ ಕೆಳಗೆ ಹೂತುಹೋಗುವುದೇ ಇಂತಹ ತಡಕ್ಕೆ ಸಾಮಾನ್ಯ ಕಾರಣ.

ಮೊದಲು ಕಾಗದ, ಆಮೇಲೆ ತಂತ್ರಾಂಶ

ತಂತ್ರಾಂಶ ಕೊಳ್ಳುವ ಮೊದಲು ಒಂದು ಹಂಗಾಮಿನ ಕೆಲಸಗಳನ್ನು ಕಾಗದದ ಮೇಲೆ ಬರೆಯಬೇಕು. ಇದಕ್ಕೆ ನಾಲ್ಕು ಕಲಮುಗಳು ಸಾಕು: ಕೆಲಸ, ಹೊಣೆಗಾರರ ಹೆಸರು, ಮುಗಿಯಬೇಕಾದ ದಿನಾಂಕ, ಇದಕ್ಕೂ ಮುಂಚೆ ಮುಗಿಯಬೇಕಾದ ಕೆಲಸ. ಪ್ರತಿ ಕೆಲಸಕ್ಕೂ ಒಬ್ಬರದೇ ಹೆಸರಿರಬೇಕು. ಎಲ್ಲರ ಹೊಣೆ ಎಂದು ಬರೆದ ಕೆಲಸ ಯಾರ ಹೊಣೆಯೂ ಆಗುವುದಿಲ್ಲ. ಈ ಪಟ್ಟಿ ಸಿದ್ಧವಾಗದ ಸಂಸ್ಥೆಗೆ ಯಾವ ತಂತ್ರಾಂಶವೂ ನೆರವಾಗದು.

ಮೂರು ಬಗೆಗಳು

ಲೆಕ್ಕಹಾಳೆ: ಗೂಗಲ್ ಶೀಟ್ಸ್‌ನಂತಹ ಹಾಳೆಯನ್ನು ಹಲವರು ಒಟ್ಟಿಗೆ ತುಂಬಬಹುದು. ನಾಲ್ಕೈದು ಜನರ ತಂಡಕ್ಕೆ ಇದು ಸಾಕಾಗುತ್ತದೆ.

ಹಲಗೆ ಮಾದರಿ: ಪ್ರತಿ ಕೆಲಸಕ್ಕೂ ಒಂದು ಚೀಟಿ. ಚೀಟಿಯನ್ನು 'ಆಗಬೇಕು', 'ನಡೆಯುತ್ತಿದೆ', 'ಮುಗಿದಿದೆ' ಎಂಬ ಸಾಲುಗಳಲ್ಲಿ ಮುಂದಕ್ಕೆ ಸರಿಸಲಾಗುತ್ತದೆ. ಜಪಾನಿನ ಟೊಯೋಟಾ ಕಾರ್ಖಾನೆಯ ಕಾನ್‌ಬಾನ್ ಚೀಟಿ ಪದ್ಧತಿ ಇದರ ಮೂಲ. 2011ರಲ್ಲಿ ಬಂದ ಟ್ರೆಲ್ಲೊ ಈ ಬಗೆಯದು. ಕಲಿಯಲು ಸುಲಭ.

ಕಾಲಪಟ್ಟಿ ಮಾದರಿ: ಕೆಲಸಗಳನ್ನು ದಿನಾಂಕಗಳ ಮೇಲೆ ಪಟ್ಟಿಗಳಾಗಿ ತೋರಿಸುವ ಗ್ಯಾಂಟ್ ನಕ್ಷೆ ಇದರಲ್ಲಿರುತ್ತದೆ. ಒಂದು ಕೆಲಸ ತಡವಾದರೆ ಮುಂದಿನ ಯಾವುವು ತಡವಾಗುತ್ತವೆಂಬುದು ಕಣ್ಣಿಗೆ ಕಾಣುತ್ತದೆ. ಮುಕ್ತ ತಂತ್ರಾಂಶವಾದ ಓಪನ್‌ಪ್ರಾಜೆಕ್ಟ್‌ನಲ್ಲಿ ಈ ಸೌಲಭ್ಯವಿದೆ. ಬೀಜ ವಿತರಣೆಯಂತಹ ಸರಪಳಿ ಕೆಲಸಕ್ಕೆ ಇದು ಸೂಕ್ತ. ಆದರೆ ಕಲಿಯಲು ಹೆಚ್ಚು ಕಾಲ ಹಿಡಿಯುತ್ತದೆ.

ಆಯ್ಕೆಯಲ್ಲಿ ಗಮನಿಸಬೇಕಾದ ಅಂಶಗಳು

1. ಭಾಷೆ: ಕೆಲಸದ ಹೆಸರನ್ನು ಕನ್ನಡದಲ್ಲಿ ಬರೆಯಲು ಮತ್ತು ಹುಡುಕಲು ಬರಬೇಕು. ಸಾಧಾರಣ ಮೊಬೈಲಿನಲ್ಲಿಯೂ ಅಕ್ಷರಗಳು ಸರಿಯಾಗಿ ಕಾಣಬೇಕು.

2. ಸಂಪರ್ಕ: ಹೊಲದಲ್ಲಿ ಸಿಗ್ನಲ್ ಇಲ್ಲದಾಗ ಬರೆದದ್ದು ಮೊಬೈಲಿನಲ್ಲಿ ಉಳಿದು, ಸಿಗ್ನಲ್ ಬಂದಾಗ ತಾನಾಗಿ ಸೇರಬೇಕು. ಮೊಬೈಲನ್ನು ವಿಮಾನ ಸ್ಥಿತಿಗೆ ಹಾಕಿ ಇದನ್ನು ಪರೀಕ್ಷಿಸಬಹುದು.

3. ಖರ್ಚು: ಅನೇಕ ಕಂಪನಿಗಳು ತಲೆಗೆ ಇಷ್ಟೆಂದು ತಿಂಗಳ ಶುಲ್ಕ ಹಾಕುತ್ತವೆ. ತಲೆಗೆ 300 ರೂ. ಎಂದಿಟ್ಟುಕೊಂಡರೆ 12 ಜನರಿಗೆ ವರ್ಷಕ್ಕೆ 43,200 ರೂ. ಆಗುತ್ತದೆ. ತೆರಿಗೆ ಬೇರೆ. ಆದ್ದರಿಂದ ಕೆಲಸದ ಹೊಣೆ ಹೊತ್ತವರಿಗೆ ಮಾತ್ರ ಖಾತೆ ಕೊಟ್ಟರೆ ಸಾಕು, ಎಲ್ಲ ಸದಸ್ಯರಿಗೂ ಬೇಕಿಲ್ಲ. ಉಚಿತವೆಂಬ ತಂತ್ರಾಂಶದಲ್ಲಿ ಎಷ್ಟು ಜನರಿಗೆ ಅವಕಾಶವಿದೆ ಎಂಬುದನ್ನು ಮೊದಲೇ ವಿಚಾರಿಸಬೇಕು.

4. ಮಾಹಿತಿ ಹಿಂಪಡೆಯುವಿಕೆ: ವಂಡರ್‌ಲಿಸ್ಟ್ ಎಂಬ ಜನಪ್ರಿಯ ತಂತ್ರಾಂಶವನ್ನು ಮೈಕ್ರೋಸಾಫ್ಟ್ 2015ರಲ್ಲಿ ಕೊಂಡು, 2020ರ ಮೇ ತಿಂಗಳಲ್ಲಿ ಮುಚ್ಚಿತು. ಯಾವುದೇ ತಂತ್ರಾಂಶಕ್ಕೂ ಇಂತಹ ದಿನ ಬರಬಹುದು. ಎಲ್ಲ ಮಾಹಿತಿಯನ್ನು ಲೆಕ್ಕಹಾಳೆಯಾಗಿ ಇಳಿಸಿಕೊಳ್ಳಲು ಬರದಿದ್ದರೆ ಅದನ್ನು ಕೈಬಿಡುವುದೇ ಲೇಸು. ಬರುವುದಾದರೆ ತಿಂಗಳಿಗೊಮ್ಮೆ ಪ್ರತಿ ಇಳಿಸಿಡಬೇಕು.

5. ಖಾತೆಯ ಒಡೆತನ: ಮುಖ್ಯ ಖಾತೆ ಸಂಸ್ಥೆಯ ಇ-ಮೇಲ್ ಹೆಸರಿನಲ್ಲಿರಬೇಕು, ನೌಕರನ ಸ್ವಂತ ಹೆಸರಿನಲ್ಲಿರಕೂಡದು. ಇಲ್ಲವಾದರೆ ಆತ ಕೆಲಸ ಬಿಟ್ಟ ದಿನ ಹಂಗಾಮಿನ ಲೆಕ್ಕವೂ ಆತನೊಡನೆ ಹೋಗುತ್ತದೆ. ಅಳಿಸುವ ಅಧಿಕಾರ ಇಬ್ಬರಿಗೆ ಮಾತ್ರವಿದ್ದರೆ ಸಾಕು.

6. ಗೋಪ್ಯತೆ: ಸದಸ್ಯರ ಆಧಾರ್ ಮತ್ತು ಬ್ಯಾಂಕ್ ಖಾತೆ ಸಂಖ್ಯೆಗಳನ್ನು ಕೆಲಸದ ಚೀಟಿಗಳಲ್ಲಿ ಬರೆಯಬಾರದು. ವೈಯಕ್ತಿಕ ಮಾಹಿತಿಯ ರಕ್ಷಣೆಗೆ 2023ರಲ್ಲಿ ಕಾಯಿದೆಯೂ ಬಂದಿದೆ.

ಒಂದು ಮಡಿಯಲ್ಲಿ ಪ್ರಯೋಗ

ಹೊಸ ತಳಿಯನ್ನು ಯಾರೂ ಒಮ್ಮೆಲೇ ಇಡೀ ಹೊಲಕ್ಕೆ ಬಿತ್ತುವುದಿಲ್ಲ. ತಂತ್ರಾಂಶಕ್ಕೂ ಇದೇ ನಿಯಮ. ಒಂದೇ ಕೆಲಸವನ್ನು ಆರಿಸಿ, ಐದು ಜನರ ತಂಡದಿಂದ 15 ದಿನ ನಡೆಸಿ ನೋಡಬೇಕು. ಕಂಪ್ಯೂಟರ್ ಬಲ್ಲ ಯುವಕನ ಜೊತೆಗೆ ಗೋದಾಮು ನೋಡಿಕೊಳ್ಳುವವರೂ ಆ ತಂಡದಲ್ಲಿರಬೇಕು. 'ಬೀಜ ಬಂದಿದೆ' ಎಂದು ಅವರು ಯಾರ ನೆರವೂ ಇಲ್ಲದೆ ಗುರುತು ಹಾಕಬಲ್ಲರಾದರೆ ತಂತ್ರಾಂಶ ಸಂಸ್ಥೆಗೆ ಒಗ್ಗುತ್ತದೆ. 15 ದಿನಗಳ ನಂತರವೂ ಅವರಿಗೆ ಕಷ್ಟವಾದರೆ ಇನ್ನೂ ಸರಳವಾದುದನ್ನು ಹುಡುಕಬೇಕು. ಲಾರಿ ಬಂದದ್ದನ್ನು ಮೊದಲು ಕಾಣುವವರು ಅವರೇ.

ಪ್ರಯೋಗ ಮುಗಿದ ಮೇಲೆ ವಾರಕ್ಕೊಂದು ದಿನ ಗೊತ್ತುಮಾಡಿ, ಎಲ್ಲರೂ ಕುಳಿತು ಪಟ್ಟಿಯನ್ನು ಓದುವ ರೂಢಿ ಬೆಳೆಸಿಕೊಳ್ಳಬೇಕು. ತಡವಾದ ಕೆಲಸವನ್ನು ತಂತ್ರಾಂಶ ತೋರಿಸಬಲ್ಲದು. ಅದನ್ನು ಮುಗಿಸಬೇಕಾದವರು ಸಂಸ್ಥೆಯವರೇ.