ಅರವತ್ತಕ್ಕೇ ನಿಂತ ಚಾರ್ಜ್

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ನಮ್ಮ ಆಪಾ ಕೊಟ್ಟೂರಿನ ಮನೆಯಲ್ಲೇ ಕುಳಿತು ನಾಲ್ಕಾರು ಅಂಗಡಿಗಳ ಜಿಎಸ್‌ಟಿ ಲೆಕ್ಕ ನೋಡುತ್ತಾರೆ. ಬೇರೆಯವರ ಬಿಲ್ಲುಗಳಿರುವ ಲ್ಯಾಪ್‌ಟಾಪ್ ಹಳೆಯ ವಿಂಡೋಸ್‌ನಲ್ಲಿ ಇರುವುದು ಬೇಡವೆಂದು, ಫೈಲುಗಳನ್ನು ಪೆನ್‌ಡ್ರೈವ್‌ಗೆ ಹಾಕಿ, ಎಲ್ಲವನ್ನೂ ಅಳಿಸಿ ನಾನೇ ವಿಂಡೋಸ್ 11 ಹಾಕಿದೆ.

ಮರುವಾರ 18ನೇ ತಾರೀಖು ಕರೆಂಟ್ ಹೋಯಿತು. ಒಂದು ಗಂಟೆಯೊಳಗೆ ಲ್ಯಾಪ್‌ಟಾಪ್ ಆರಿತು. ಕರೆಂಟ್ ಬಂದ ಮೇಲೆ 60ರವರೆಗೆ ಏರಿ ‘ಚಾರ್ಜ್ ಆಗುತ್ತಿಲ್ಲ’ ಎಂದು ತೋರಿಸಿತು. ಜಿಎಸ್‌ಟಿಆರ್-3ಬಿ ಸಲ್ಲಿಸಲು 20 ಕೊನೆಯ ದಿನ. ತಪ್ಪಿದರೆ ತೆರಿಗೆ ಕಟ್ಟಬೇಕಾದ ಅಂಗಡಿಗೆ ದಿನಕ್ಕೆ 50 ರೂಪಾಯಿ ದಂಡ, ಮೇಲೆ ಬಡ್ಡಿ. “ಚೆನ್ನಾಗಿದ್ದದ್ದನ್ನು ಯಾಕೆ ಮುಟ್ಟಿದೆ?” ಎಂದರು ಅಬ್ಬಾ. ರಿಪೇರಿಯವರು ಫೋನಿನಲ್ಲೇ “ಬ್ಯಾಟರಿ ಹೋಗೈತಿ, ಹೊಸಾದು ಹಾಕ್ಸ್ರಿ” ಅಂದರು.

ಖರ್ಚಿಲ್ಲದ ದಾರಿಗಳನ್ನು ಮೊದಲು ನೋಡಿದೆ. ಆಫ್ ಮಾಡಿ, ಚಾರ್ಜರ್ ತೆಗೆದು, ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಬ್ಯಾಟರಿಯ ಡ್ರೈವರ್ ತೆಗೆದು ರೀಸ್ಟಾರ್ಟ್ ಮಾಡಿದೆ. ವಿಂಡೋಸ್ ಅದನ್ನು ತಾನೇ ಮತ್ತೆ ಹಾಕಿಕೊಳ್ಳುತ್ತದೆ. ಗೆಳೆಯನ ಮನೆಯಿಂದ ಅದೇ ವ್ಯಾಟ್‌ನ ಚಾರ್ಜರ್ ತಂದೆ. ಯಾವುದಕ್ಕೂ ಜಗ್ಗಲಿಲ್ಲ. (ಟಚ್‌ಪ್ಯಾಡ್ ಅಥವಾ ತಳ ಉಬ್ಬಿದ್ದರೆ ಇವನ್ನೆಲ್ಲ ಮಾಡಲು ಹೋಗಬೇಡಿ. ಆಫ್ ಮಾಡಿ ರಿಪೇರಿಗೆ ಕೊಡಿ.)

ಆದರೆ ಪ್ರತಿ ಸಲವೂ ಸರಿಯಾಗಿ 60ಕ್ಕೇ ನಿಲ್ಲುತ್ತಿತ್ತು. ಕೆಟ್ಟ ಬ್ಯಾಟರಿ ಒಮ್ಮೆ 43, ಒಮ್ಮೆ 71 ಎನ್ನಬಹುದು. ಇಷ್ಟು ಶಿಸ್ತು ಅದಕ್ಕೆಲ್ಲಿಂದ ಬರಬೇಕು? ಯಾರೋ ಮಿತಿ ಹಾಕಿಟ್ಟಿರಬೇಕು ಅನ್ನಿಸಿತು. ಹುಡುಕಿದಾಗ ಸಿಕ್ಕಿತು. ಲಿಥಿಯಂ ಬ್ಯಾಟರಿ ಸದಾ ತುಂಬಿದ್ದರೆ, ಅದೂ ಬಿಸಿಯಲ್ಲಿ, ಬೇಗ ಸವೆಯುತ್ತದೆ. ಅದಕ್ಕಾಗಿ ಹಲವು ಕಂಪನಿಗಳು ಚಾರ್ಜನ್ನು 60 ಅಥವಾ 80ಕ್ಕೆ ನಿಲ್ಲಿಸುವ ಸೌಲಭ್ಯ ಕೊಡುತ್ತವೆ. ಲೆನೊವೊದಲ್ಲಿ ಅದು ‘ಕನ್ಸರ್ವೇಶನ್ ಮೋಡ್’, ಏಸಸ್‌ನಲ್ಲಿ ‘ಬ್ಯಾಟರಿ ಹೆಲ್ತ್ ಚಾರ್ಜಿಂಗ್’. ಆನ್-ಆಫ್ ಮಾಡುವುದು ಕಂಪನಿಯ ಆ್ಯಪ್‌ನಲ್ಲಿ. ಆದರೆ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಆ ಮಿತಿ ಉಳಿಯುವುದು ಒಳಗಿನ ಚಿಪ್‌ನಲ್ಲಿ. ನಾನು ಎಲ್ಲ ಅಳಿಸಿದಾಗ ಆ್ಯಪ್ ಹೋಗಿತ್ತು, ಮಿತಿ ಉಳಿದಿತ್ತು.

ಹಾಗಾದರೆ ಮೊದಲೂ 60ಕ್ಕೇ ನಿಲ್ಲುತ್ತಿತ್ತೇ? ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್, ಯಾವಾಗಲೂ ವೈರಿಗೆ ಸಿಕ್ಕಿಸಿಯೇ ಇರುತ್ತಿತ್ತು, ಯಾರೂ ನೋಡಿರಲಿಲ್ಲ. ಕಾಮರ್ಸ್ ಓದುವ ನಾನೇ ಆರಂಭಿಕ ಶಿಲ್ಕು ಬರೆದುಕೊಳ್ಳದೆ ಲೆಕ್ಕ ಶುರುಮಾಡಿದ್ದೆ. ವಿಂಡೋಸ್ ಬದಲಿಸುವ ಮೊದಲು ಬ್ಯಾಟರಿಯ ಅಂಕಿ ಬರೆದಿಡಿ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಪವರ್‌ಸಿಎಫ್‌ಜಿ, ಒಂದು ಜಾಗ ಬಿಟ್ಟು ಓರೆಗೆರೆ, ಅದಕ್ಕಂಟಿಸಿ ಬ್ಯಾಟರಿರಿಪೋರ್ಟ್ ಎಂದು ಟೈಪ್ ಮಾಡಿದರೆ ವರದಿ ಬರುತ್ತದೆ. ‘ಡಿಸೈನ್ ಕೆಪ್ಯಾಸಿಟಿ’ ಎಂದರೆ ಮೂಲ ಬೆಲೆ, ‘ಫುಲ್ ಚಾರ್ಜ್ ಕೆಪ್ಯಾಸಿಟಿ’ ಎಂದರೆ ಸವಕಳಿ ಕಳೆದು ಉಳಿದದ್ದು. ನಮ್ಮದು 45,000ದಲ್ಲಿ 31,500. ಅದರಲ್ಲೂ 60 ಭಾಗ ಮಾತ್ರ ತುಂಬಿದರೆ 18,900, ಹೊಸದರ ಅರ್ಧಕ್ಕಿಂತ ಕಡಿಮೆ. ಒಂದೇ ಗಂಟೆಯಲ್ಲಿ ಆರಿದ್ದು ಅದಕ್ಕೇ.

ಕಂಪನಿಯ ಜಾಲತಾಣದಿಂದ ಆ್ಯಪ್ ಇಳಿಸಿ ಮಿತಿ ತೆಗೆದೆ. ರಾತ್ರಿ ಹತ್ತರ ಹೊತ್ತಿಗೆ 61 ಕಂಡಿತು. 19ಕ್ಕೆ ಆಪಾ ರಿಟರ್ನ್ ಸಲ್ಲಿಸಿದರು. ಈಗ ಮಿತಿ ಆನ್ ಇರುತ್ತದೆ. ಕರೆಂಟ್ ತೆಗೆಯುತ್ತಾರೆಂದು ತಿಳಿದಾಗ ಹಿಂದಿನ ರಾತ್ರಿ ಆಫ್ ಮಾಡುತ್ತೇವೆ. ಹೊಸ ಬ್ಯಾಟರಿಗೆಂದು ಆಪಾ ತಿಂಗಳಿಗೆ ಇನ್ನೂರು ರೂಪಾಯಿ ಎತ್ತಿಡುತ್ತಿದ್ದಾರೆ.