ಅಧ್ಯಯನ ಪಾಠ: ಸ್ವಚ್ಛ ವಾಹಿನಿಯ ಟೈಮಿಂಗ್ ಚೈನ್ ದುರಸ್ತಿ

ರಾಮಸಮುದ್ರದಂತಹ ಗ್ರಾಮ ಪಂಚಾಯತಿಯಲ್ಲಿ ಕಸ ಸಂಗ್ರಹಣಾ ವಾಹನ ನಿಂತರೆ ಮನೆಮನೆಯ ಕಸ ಚರಂಡಿ ಸೇರುತ್ತದೆ. ಆದುದರಿಂದ ದುರಸ್ತಿ ವೆಚ್ಚಕ್ಕೆ ಅನುಮೋದನೆ ನೀಡುವ ಸದಸ್ಯರು ಈ ಕೆಲಸದ ಮೂಲಾಂಶಗಳನ್ನು ಅರಿತಿರುವುದು ಅವಶ್ಯಕ.

ಎಂಜಿನ್‌ನ ಕ್ರ್ಯಾಂಕ್‌ಶಾಫ್ಟ್ 2 ಸುತ್ತು ತಿರುಗುವಷ್ಟರಲ್ಲಿ ಕ್ಯಾಮ್‌ಶಾಫ್ಟ್ 1 ಸುತ್ತು ತಿರುಗಬೇಕು. ಈ ಹೊಂದಾಣಿಕೆಯನ್ನು ಕೆಲವು ಎಂಜಿನ್‌ಗಳಲ್ಲಿ ಬೆಲ್ಟ್, ಇನ್ನು ಕೆಲವುಗಳಲ್ಲಿ ಟೈಮಿಂಗ್ ಚೈನ್ ಕಾಯುತ್ತದೆ. ಆಯಿಲ್ ಸಕಾಲದಲ್ಲಿ ಬದಲಾಗದಿದ್ದರೆ ಚೈನಿನ ಕೊಂಡಿಗಳು ಸವೆದು ಸಡಿಲಗೊಳ್ಳುತ್ತವೆ. ಬೆಳಗಿನ ಮೊದಲ ಸ್ಟಾರ್ಟ್‌ನಲ್ಲಿ ಕೇಳುವ ಗಡಗಡ ಶಬ್ದ ಇದರ ಮುನ್ಸೂಚನೆಯಾಗಿರಬಹುದು. ಚೈನ್ ತುಂಡಾದರೆ ಅನೇಕ ಎಂಜಿನ್‌ಗಳಲ್ಲಿ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಬಾಗುತ್ತವೆ. ಆಗ ಇಡೀ ಎಂಜಿನ್ ಬಿಚ್ಚಬೇಕಾಗಬಹುದು.

ಚೈನ್ ತಲುಪಲು ಕ್ರ್ಯಾಂಕ್ ಪುಲ್ಲಿಯನ್ನು ಸಾಮಾನ್ಯವಾಗಿ ಪುಲ್ಲರ್‌ನಿಂದ ಕಳಚುತ್ತಾರೆ. ಪುಲ್ಲರ್‌ನ ಥ್ರೆಡ್ ತುಕ್ಕು ಹಿಡಿದು ಜಾಮ್ ಆಗಿದ್ದರೆ ಹಿಡಿಕೆಗೆ ಪೈಪು ತೊಡಿಸಿ ಬಲ ಹಾಕಬಾರದು; ಅದು ಮುರಿದು ಕೆಲಸಗಾರನಿಗೆ ಗಾಯವಾದೀತು. ತುಕ್ಕು ಬಿಡಿಸುವ ಎಣ್ಣೆ ಹಾಕಿ ಕಾದು, ಹಿಂದೆ ಮುಂದೆ ಸ್ವಲ್ಪಸ್ವಲ್ಪವೇ ತಿರುಗಿಸಬೇಕು. ಬಿಟ್ಟ ನಂತರ ತಂತಿ ಬ್ರಷ್‌ನಿಂದ ಥ್ರೆಡ್ ಸ್ವಚ್ಛಗೊಳಿಸಿ ಗ್ರೀಸ್ ಸವರಬೇಕು. ಇಂಧನ, ಆಯಿಲ್ ಇರುವೆಡೆ ಬೆಂಕಿಯಿಂದ ಕಾಯಿಸುವುದು ಅಪಾಯಕರ.

ಸದಸ್ಯರು ಗಮನಿಸಬೇಕಾದ ಅಂಶಗಳು:

1. ಚಾಲಕಿ ಶಬ್ದದ ಬಗ್ಗೆ ತಿಳಿಸಿದ ದಿನವೇ ಲಾಗ್‌ಪುಸ್ತಕದಲ್ಲಿ ದಾಖಲಿಸಿ ವಾಹನವನ್ನು ಪರೀಕ್ಷೆಗೆ ಕಳುಹಿಸುವುದು.
2. ಅಂದಾಜುಪಟ್ಟಿಯಲ್ಲಿ ಚೈನ್ ಜೊತೆಗೆ ಟೆನ್ಷನರ್, ಗೈಡ್ ಮತ್ತು ಹಲ್ಲುಚಕ್ರಗಳ ಸ್ಥಿತಿ ನಮೂದಾಗಿರುವುದನ್ನು ಪರಿಶೀಲಿಸುವುದು.
3. ಜೋಡಣೆಯ ನಂತರ ಎಂಜಿನನ್ನು ಕೈಯಿಂದ 2 ಸುತ್ತು ತಿರುಗಿಸಿ ಟೈಮಿಂಗ್ ಗುರುತುಗಳನ್ನು ತಾಳೆ ನೋಡಿದ್ದನ್ನು ಖಚಿತಪಡಿಸಿಕೊಳ್ಳುವುದು.
4. ಬದಲಾಯಿಸಿದ ಹಳೆಯ ಬಿಡಿಭಾಗಗಳನ್ನು ಬಿಲ್ಲಿನೊಂದಿಗೆ ಮರಳಿ ಪಡೆಯುವುದು.

ಸಕಾಲದ ಆಯಿಲ್ ಬದಲಾವಣೆಯೇ ಎಲ್ಲಕ್ಕಿಂತ ಅಗ್ಗದ ದುರಸ್ತಿ.