ಓದಲಾಗದ ಮೆನು ಕಾರ್ಡು ಇದ್ದೂ ಇಲ್ಲದಂತೆ



ಕಿಚನ್ನಿಗೆ, ಫರ್ನಿಚರಿಗೆ ಲಕ್ಷಗಟ್ಟಲೆ ಸುರಿಯುವ ನಾವು ಮೆನು ಕಾರ್ಡಿನ ವಿಷಯ ಬಂದಾಗ ಮಾತ್ರ ಪ್ರೆಸ್ಸಿನವನಿಗೆ "ಹಳೆಯದರಲ್ಲೇ ರೇಟು ಬದಲಿಸಿ ಕೊಡು" ಎಂದು ಹೇಳಿ ಕೈತೊಳೆದುಕೊಳ್ಳುತ್ತೇವೆ. ಮುಲುಂಡಿನ ನಮ್ಮ ಹೊಟೇಲಿನಲ್ಲೂ ಬಹಳ ವರ್ಷ ಹೀಗೆಯೇ ನಡೆಯಿತು. ರಾತ್ರಿ ಶಾಲೆಯಲ್ಲಿ ಹತ್ತನೇ ತರಗತಿ ಮುಗಿಸಿದವರು ನಾವು, ಚಿತ್ರಕಲೆ ಕಲಿತವರಲ್ಲ. ಪೆಟ್ಟು ತಿಂದ ಮೇಲೆ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ನಮ್ಮಲ್ಲಿ ಗುಜರಾತಿ, ಜೈನ ಗಿರಾಕಿಗಳು ಬಹಳ. ಅವರಿಗಾಗಿ ನೀರುಳ್ಳಿ, ಬೆಳ್ಳುಳ್ಳಿ, ಬಟಾಟೆ ಇಲ್ಲದ ತಿಂಡಿ ಬೇರೆಯೇ ಮಾಡುತ್ತೇವೆ. ಆದರೆ ಆ ಮಾತು ಕಾರ್ಡಿನ ಕೊನೆಯ ಪುಟದ ಬುಡದಲ್ಲಿ ಇರುವೆ ಸಾಲಿನಂತೆ ಅಚ್ಚಾಗಿತ್ತು. ಒಂದು ಸಂಜೆ ಕುಟುಂಬವೊಂದು ಬಂದು ಮೈಸೂರು ಸಾದಾ ದೋಸೆ ಹೇಳಿತು. ಮನೆಯ ಅಜ್ಜಿ ಎರಡು ತುತ್ತು ತಿಂದು, ಕೆಂಪು ಚಟ್ನಿಯಲ್ಲಿ ಏನಿದೆ ಎಂದು ಕೇಳಿದರು. ಹುಡುಗ "ಬೆಳ್ಳುಳ್ಳಿ" ಎಂದ. ಅವರು ತಟ್ಟೆ ಸರಿಸಿ ಎದ್ದರು. ಜಗಳವಾಡಲಿಲ್ಲ, ಬಿಲ್ಲು ಪೂರ್ತಿ ಕೊಟ್ಟರು, ಮತ್ತೆ ಬರಲಿಲ್ಲ. ತಪ್ಪು ಹುಡುಗನದಲ್ಲ, ಕಾರ್ಡಿನದು, ಅಂದರೆ ನಮ್ಮದು.

ಹೊಸ ಕಾರ್ಡು ಮಾಡಿಸುವಾಗ ನಾವು ಪಾಲಿಸಿದ ಸೂತ್ರಗಳು ಇವು:

1. ಮುಖ್ಯವಾದದ್ದು ದೊಡ್ಡದಾಗಿರಲಿ. ಅಕ್ಷರದ ಗಾತ್ರವನ್ನು ಪಾಯಿಂಟ್ ಲೆಕ್ಕದಲ್ಲಿ ಹೇಳುತ್ತಾರೆ; 72 ಪಾಯಿಂಟಿಗೆ ಒಂದು ಇಂಚು. ನಮ್ಮ ಹಳೆಯ ಕಾರ್ಡು 8 ಪಾಯಿಂಟಿನದು. ಈಗ ತಿಂಡಿಯ ಹೆಸರು 12, ವಿಭಾಗದ ತಲೆಬರಹ 16, ಸೂಚನೆಗಳು 10ಕ್ಕಿಂತ ಕಡಿಮೆ ಇಲ್ಲ. ಜಾಗ ಸಾಲದಿದ್ದರೆ ಅಕ್ಷರ ಕುಗ್ಗಿಸಬೇಡಿ. ವಾರಕ್ಕೊಮ್ಮೆಯೂ ಹೋಗದ ಐಟಂ ತೆಗೆಯಿರಿ.

2. ಒಂದು ಕಾರ್ಡಿಗೆ ಎರಡು ಬಗೆಯ ಅಕ್ಷರ ಸಾಕು. ಬಳ್ಳಿಯಂತೆ ಸುತ್ತುವ ಅಕ್ಷರ ಮದುವೆ ಕಾಗದಕ್ಕೆ ಚಂದ, ಮೆನುವಿಗಲ್ಲ. ಇಂಗ್ಲಿಷಿನಲ್ಲಿ ಎಲ್ಲವನ್ನೂ ದೊಡ್ಡಕ್ಷರದಲ್ಲಿ ಹೊಡೆಸಿದರೆ ಪದಗಳೆಲ್ಲ ಒಂದೇ ಎತ್ತರದ ಇಟ್ಟಿಗೆಯಂತಾಗಿ ಕಣ್ಣು ಸೋಲುತ್ತದೆ. ಕನ್ನಡದ ಒತ್ತಕ್ಷರ ಕೆಳಗಿಳಿಯುತ್ತದೆ, ಮರಾಠಿಯ ಮಾತ್ರೆ ಮೇಲೆಯೂ ಕೆಳಗೂ ಬರುತ್ತದೆ. ಆದುದರಿಂದ ಇವೆರಡಕ್ಕೂ ಸಾಲಿನ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬಿಡಿಸಿ.

3. ಬಣ್ಣದ ಆಸೆ ಬೇಡ. ಬಿಳಿ ಅಥವಾ ತಿಳಿ ಬಣ್ಣದ ಮೇಲೆ ಕಪ್ಪು ಅಕ್ಷರ ಎಲ್ಲರಿಗೂ ಕಾಣುತ್ತದೆ. ದೋಸೆಯ ಫೋಟೋದ ಮೇಲೆಯೇ ರೇಟು ಹೊಡೆಸಿದರೆ ಎರಡೂ ಹಾಳು. ಹೊಳೆಯುವ ಲ್ಯಾಮಿನೇಶನ್ ಟ್ಯೂಬ್‌ಲೈಟನ್ನು ಕನ್ನಡಿಯಂತೆ ತೋರಿಸುತ್ತದೆ. ಹೊಳಪಿಲ್ಲದ್ದನ್ನು ಕೇಳಿ ಹಾಕಿಸಿ.

4. ಸಂಬಂಧವಿದ್ದದ್ದು ಹತ್ತಿರವಿರಲಿ. ದೋಸೆಗಳೆಲ್ಲ ಒಂದು ಗುಂಪು, ನಡುವೆ ಖಾಲಿ ಜಾಗ, ಮತ್ತೆ ಇನ್ನೊಂದು ಗುಂಪು. ಹೆಸರು ಎಡತುದಿಗೆ, ರೇಟು ಬಲತುದಿಗೆ ಇದ್ದರೆ ಕಣ್ಣು ಜಾರಿ ಪಕ್ಕದ ಸಾಲಿಗೆ ಹೋಗುತ್ತದೆ, ಬಿಲ್ಲಿನ ಹೊತ್ತಿಗೆ ವಾದ ಶುರುವಾಗುತ್ತದೆ. ಎರಡನ್ನೂ ಹತ್ತಿರ ತನ್ನಿ, ಇಲ್ಲವೇ ಚುಕ್ಕೆಗಳಿಂದ ಜೋಡಿಸಿ. ಜೈನ್ ಗುರುತು ಆಯಾ ತಿಂಡಿಯ ಹೆಸರಿನ ಪಕ್ಕದಲ್ಲೇ ಇರಲಿ. ರೇಟಿನಲ್ಲಿ ಜಿ.ಎಸ್.ಟಿ. ಸೇರಿದೆಯೇ ಬೇರೆಯೇ ಎಂಬುದನ್ನು ಪುಟದ ಮೇಲ್ಗಡೆ ಹೇಳಿಬಿಡಿ.

5. ಹೊರಗಿನ ಬೋರ್ಡಿಗೂ ಇದೇ ಪಾಠ. 10 ಅಡಿ ದೂರಕ್ಕೆ 1 ಇಂಚು ಎತ್ತರದ ಅಕ್ಷರ ಎಂದು ಲೆಕ್ಕ ಹಿಡಿಯಬಹುದು. ಇಲ್ಲಿ ಅಕ್ಷರದ ಗಾತ್ರಕ್ಕೆ ಕಾನೂನೂ ಇದೆ. ಮಹಾರಾಷ್ಟ್ರದ 2017ರ ಅಂಗಡಿ ಕಾಯಿದೆಗೆ 2022ರಲ್ಲಿ ಬಂದ ತಿದ್ದುಪಡಿಯಂತೆ, ಕೆಲಸದವರು ಹತ್ತಕ್ಕಿಂತ ಕಡಿಮೆ ಇದ್ದರೂ ಬೋರ್ಡು ದೇವನಾಗರಿಯಲ್ಲಿ ಮರಾಠಿಯಲ್ಲಿರಬೇಕು. ಆ ಅಕ್ಷರ ಬೇರೆ ಭಾಷೆಯ ಅಕ್ಷರಕ್ಕಿಂತ ಚಿಕ್ಕದಿರಬಾರದು. 2023ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಇದನ್ನು ಪಾಲಿಸಲು ಎರಡು ತಿಂಗಳ ಗಡುವು ಕೊಟ್ಟಿತ್ತು. ಫ್ಲೆಕ್ಸ್ ಆರ್ಡರ್ ಕೊಡುವ ಮೊದಲೇ ಅಳತೆ ಹೇಳಿದರೆ ಎರಡನೇ ಖರ್ಚು ತಪ್ಪುತ್ತದೆ.

ಕೊನೆಗೊಂದು ಪರೀಕ್ಷೆ. ಸಾವಿರ ಪ್ರತಿ ಹೊಡೆಸುವ ಮೊದಲು ಪ್ರೆಸ್ಸಿನಿಂದ ಒಂದೇ ಪ್ರತಿ ತರಿಸಿ. ರಾತ್ರಿ ಹೊತ್ತು, ಬೆಳಕು ಕಡಿಮೆ ಇರುವ ಮೂಲೆಯ ಟೇಬಲಿನಲ್ಲಿ, ಅರುವತ್ತು ದಾಟಿದ ಗಿರಾಕಿಯೊಬ್ಬರ ಕೈಗೆ ಕೊಡಿ. "ಕಾಕಾ, ಇದರಲ್ಲಿ ಜೈನ್ ತಿಂಡಿ ಯಾವುದು, ರೇಟೆಷ್ಟು?" ಎಂದು ಕೇಳಿ. ಅವರು ಕಾರ್ಡನ್ನು ದೂರ ಹಿಡಿದರೆ, ಇಲ್ಲವೇ ಹುಡುಗನ ಮುಖ ನೋಡಿದರೆ, ಪ್ರತಿಯನ್ನು ಪ್ರೆಸ್ಸಿಗೆ ವಾಪಸು ಕಳಿಸಿ. ನಾವು ಮೂರು ಸಲ ಕಳಿಸಿದೆವು. ಪ್ರೆಸ್ಸಿನವನು ಗೊಣಗಿದ. ಆದರೆ ಈಗ ಜೈನ್ ಗುರುತಿನ ಮೇಲೆ ಬೆರಳಿಟ್ಟು ಆರ್ಡರ್ ಹೇಳುವ ಅಜ್ಜಿಯಂದಿರನ್ನು ಗಲ್ಲಾದಿಂದಲೇ ನೋಡುತ್ತಿದ್ದೇವೆ.